ಕೀಲಿ ಮೊದಲು, ಹಕ್ಕಿ ಆಮೇಲೆ

ನಾನು ಹಕ್ಕಿ ಓಡಿಸುವವಳು. ವಿಮಾನ ಇಳಿಯುವ ಜಾಗದಲ್ಲಿ ಹಕ್ಕಿ ಕೂರಬಾರದು. ಕೂತರೆ ಇಂಜಿನ್ನಿನೊಳಗೆ ಹೋಗುತ್ತದೆ. ಹಕ್ಕಿಯೂ ಸಾಯುತ್ತದೆ, ವಿಮಾನವೂ ಸಾಯುತ್ತದೆ. ಅದಕ್ಕೇ ಒಂದು ಬಾಯಿ ಬೇಕು. ಆ ಬಾಯಿ ನನ್ನದು. ನನ್ನನ್ನು ಎಲ್ಲರೂ ಗಂಟಲು ಅಂತಲೇ ಕರೆಯುತ್ತಾರೆ. ನಾನು ಒಂದು ಸಲ ಕೂಗಿದರೆ ರನ್‌ವೇಯ ಆ ತುದಿಯಲ್ಲಿ ಕೂತ ಹದ್ದು ಈ ಜನ್ಮದಲ್ಲಿ ಇತ್ತ ಬರಲಾರೆ ಅಂತ ಎದ್ದು ಹೋಗುತ್ತದೆ. ಮನೆಯಲ್ಲಿ ನಾನು ಪಿಸುಗುಟ್ಟಿದರೂ ಗಂಡ ಕಿವಿ ಮುಚ್ಚಿಕೊಳ್ಳುತ್ತಾನೆ.

ನಾವು ಆರು ಜನ. ನಾನು, ನನ್ನ ಚಿಕ್ಕಮ್ಮ, ತಟ್ಟೆ ಬಡಿಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡು ತಟ್ಟೆ ಅಂತಲೇ ಹೆಸರಾದ ಒಬ್ಬಳು, ಮತ್ತೆ ಒಂದೇ ಮನೆಯ ಮೂವರು ಓರಗಿತ್ತಿಯರು. ಈ ಮೂವರು ಮನೆಯಲ್ಲಿ ಒಬ್ಬರಿಗೊಬ್ಬರು ಮಾತು ಬಿಟ್ಟು ನಾಲ್ಕು ವರ್ಷವಾಗಿದೆ. ಇಲ್ಲಿ ಮಾತ್ರ ಒಂದೇ ಉಸಿರಲ್ಲಿ ಕಿರುಚುತ್ತಾರೆ. ಬೆಳಿಗ್ಗೆ ಆರಕ್ಕೆ ವ್ಯಾನು ನಮ್ಮನ್ನು ಬೇಲಿಯೊಳಗೆ ಇಳಿಸುತ್ತದೆ. ಮೂರಕ್ಕೆ ತಿರುಗಿ ಹತ್ತಿಸಿಕೊಳ್ಳುತ್ತದೆ. ನಡುವೆ ಒಂಬತ್ತು ಗಂಟೆ ಹುಲ್ಲು ಕೊಯ್ಯಬೇಕು, ಹಕ್ಕಿ ಓಡಿಸಬೇಕು. ಡಾಂಬರು ಕಾದು ಚಪ್ಪಲಿ ಅಂಟುತ್ತದೆ. ಹಳದಿ ಕೋಟಿನೊಳಗೆ ಬೆವರು ಬೆನ್ನಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ ಇಳಿಯುತ್ತದೆ. ಹಕ್ಕಿ ಓಡಿಸಲಿಕ್ಕೆ ಮೊದಲು ಒಂದು ಮಿಷಿನ್ನು ತಂದಿದ್ದರು. ಹತ್ತು ನಿಮಿಷಕ್ಕೊಮ್ಮೆ ಢಂ ಅನ್ನುತ್ತದೆ. ಮೊದಲ ವಾರ ಹಕ್ಕಿಗಳು ಹೆದರಿದವು. ಎರಡನೇ ವಾರ ಅದರ ತಲೆಯ ಮೇಲೇ ಕೂತವು. ಮೂರನೇ ವಾರ ನಮ್ಮನ್ನು ಕರೆಸಿದರು. ಆಗಿನಿಂದ ಎಂಟು ವರ್ಷವಾಯಿತು.

ಈ ನಿಲ್ದಾಣ ಕಟ್ಟಿದ್ದು ನಮಗೋಸ್ಕರವಂತೆ. ಹಾಗಂತ ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಜಾಗ ನಮ್ಮದು, ಜಲ್ಲಿ ಹೊತ್ತವರು ನಾವು. ಬಸ್ಸಿನ ಹಾಗೆ ಯಾರು ಬೇಕಾದರೂ ಹತ್ತಿ ಇಳಿಯಬಹುದು ಅಂದಿದ್ದರು. ಬಸ್ಸಿನಂಥ ವಿಮಾನ ಐದು ತಿಂಗಳು ಬಂತು, ಆಮೇಲೆ ನಿಂತಿತು. ಈಗ ಬರುವುದು ಪುಟ್ಟ ಬಿಳಿ ವಿಮಾನಗಳು. ಒಂದೊಂದರಲ್ಲಿ ಒಬ್ಬರು, ಹೆಚ್ಚೆಂದರೆ ನಾಲ್ವರು. ಬೆಳಿಗ್ಗೆ ಬಂದು ಆಚೆಯ ಕಾರ್ಖಾನೆಗೆ ಹೋಗಿ ಒಂದು ಸಹಿ ಹಾಕಿ ಊಟದ ಹೊತ್ತಿಗೆ ತಮ್ಮ ಮನೆಯಲ್ಲಿರುತ್ತಾರೆ.

ಆ ಬಿಳಿ ವಿಮಾನದವರ ಕಣ್ಣಿಗೆ ನಾವು ಬೀಳಬಾರದು. ಇದು ಮ್ಯಾನೇಜರ್ ಮಾಡಿದ ನಿಯಮ. ಹಕ್ಕಿ ಓಡಿಸಿ ಮುಗಿದ ಕೂಡಲೇ ರನ್‌ವೇ ಪಕ್ಕದ ಚರಂಡಿಯಲ್ಲಿ ಬೋರಲು ಮಲಗಬೇಕು. ಅತಿಥಿ ಇಳಿದು ಕಾರು ಹತ್ತಿ ಗೇಟು ದಾಟುವ ತನಕ ಏಳುವ ಹಾಗಿಲ್ಲ. ಅತಿಥಿಗಳಿಗೆ ಮೇಲಿಂದ ಹಸಿರು ಕಾಣಬೇಕಂತೆ, ಹಳದಿ ಕೋಟು ಕಾಣಬಾರದಂತೆ. ಒಮ್ಮೆ ಒಂದು ವಿಮಾನದಿಂದ ಬರೀ ಒಂದು ನಾಯಿ ಇಳಿಯಿತು. ಯಜಮಾನರು ಹಿಂದಿನ ದಿನವೇ ಬಂದಿದ್ದರು, ನಾಯಿ ಇವತ್ತು ಬಂತು. ನಾವು ಆರು ಜನ ಆ ನಾಯಿಗೂ ಬೋರಲು ಮಲಗಿದೆವು. ತಟ್ಟೆ ಚರಂಡಿಯಲ್ಲೇ ನಗಲು ಶುರು ಮಾಡಿದಳು. ಬಾಯಿಗೆ ಮಣ್ಣು ಹೋಗಿ ಕೆಮ್ಮಿದಳು. ಕೆಮ್ಮುತ್ತಲೇ ನಕ್ಕಳು.

ಈಗ ಕಕ್ಕಸಿನ ವಿಷಯ ಹೇಳಬೇಕು. ಹೇಳಲು ನಾಚಿಕೆಯಿಲ್ಲ, ನಾಚಿಕೆಪಡಬೇಕಾದವರು ಬೇರೆ ಇದ್ದಾರೆ.

ನಿಲ್ದಾಣದ ಕಟ್ಟಡದಲ್ಲಿ ಹೆಂಗಸರಿಗೆ ಅಂತ ಒಂದು ಕಕ್ಕಸು ಇದೆ. ಬಿಳಿ ಕಲ್ಲಿನದು. ಅದಕ್ಕೆ ಬೀಗ. ಮ್ಯಾನೇಜರ್ ತಿಜೋರಿಯ ಕೀಲಿಯನ್ನು ಡ್ರಾಯರಿನಲ್ಲಿ ಇಡುತ್ತಾನೆ, ಕಕ್ಕಸಿನ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಅತಿಥಿಗಳು ಬಂದರೆ ತೆಗೆಯುತ್ತಾನೆ, ಹೋದರೆ ಹಾಕುತ್ತಾನೆ. ಬಯಲಿಗೆ ಹೋಗೋಣವೆಂದರೆ ಸುತ್ತ ಕಂಬದ ಮೇಲೆ ಕ್ಯಾಮೆರಾ. ನಡುವಿನ ಓರಗಿತ್ತಿ ಒಂದು ಸಲ ತಡೆಯಲಾರದೆ ಬೇಲಿಯ ಮೂಲೆಗೆ ಹೋಗಿ ಕೂತಳು. ಅದನ್ನು ಗೇಟಿನವರೆಲ್ಲ ಸೇರಿ ಕ್ಯಾಮೆರಾದ ಪರದೆಯಲ್ಲಿ ನೋಡಿ ನಕ್ಕರು. ಮರೆಗೆ ಹುಲ್ಲಾದರೂ ಇರಬಹುದಿತ್ತು. ಆ ಹುಲ್ಲನ್ನು ನಾವೇ ಕೊಯ್ದು ಹಾಕುತ್ತಿದ್ದೆವು.

ನಾನು ಮ್ಯಾನೇಜರ್ ಹತ್ತಿರ ಹೋಗಿ ಕೇಳಿದ್ದೆ. ಒಂದಕ್ಕೆ ಹೋಗಿ ಬರಲು ಎರಡು ನಿಮಿಷ ಸಾಕು, ತೊಳೆದೇ ಬರುತ್ತೇವೆ ಅಂದಿದ್ದೆ. ಅವನು ಕಾಗದದಿಂದ ತಲೆ ಎತ್ತಲಿಲ್ಲ.

"ನೀವು ಕೂತ ಸೀಟಿನ ಮೇಲೆ ಅತಿಥಿಗಳು ಕೂರ್ತಾರಾ?" ಅಂದ.

ಹಾಗಾಗಿ ನಾವು ನೀರು ಬಿಟ್ಟೆವು. ಈ ಕಸುಬಿನಲ್ಲಿ ಹೊಸಬರಿಗೆ ನಾವು ಮೊದಲು ಕಲಿಸುವುದು ಇದೇ. ಹಿಂದಿನ ಸಂಜೆಯಿಂದ ಬಾಯಿ ಒಣಗಿಸಿಕೊಂಡು ಬಾ. ತೀರಾ ಬಾಯಾರಿದರೆ ತುಟಿ ಒದ್ದೆ ಮಾಡಿಕೋ, ನುಂಗಬೇಡ. ಬೆಂಕಿಯಂಥ ಬಿಸಿಲಲ್ಲಿ ನೀರಿನ ಕ್ಯಾನು ಪಕ್ಕದಲ್ಲೇ ಇರುತ್ತದೆ. ಅದರಿಂದ ನಾವು ಕುಡುಗೋಲು ತೊಳೆಯುತ್ತೇವೆ.

ಚಿಕ್ಕಮ್ಮನಿಗೆ ಅದು ಆಗಲಿಲ್ಲ. ಅವಳಿಗೆ ಐವತ್ತೆಂಟು. ನನ್ನ ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಕಳೆದ ತಿಂಗಳು ಒಂದು ದಿನ ಅತಿಥಿಗಳು ಇಳಿದು ವಿಮಾನದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಲೇ ಇದ್ದರು. ಒಂದು ಗಂಟೆ ನಾವು ಚರಂಡಿಯಲ್ಲಿ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. ಹಿಡಿತ ಬಿಗಿಯಾಯಿತು. ಆಮೇಲೆ ಸಡಿಲವಾಯಿತು. ಎದ್ದಾಗ ಅವಳ ಬಟ್ಟೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು.

ಮ್ಯಾನೇಜರ್ ನೋಡಿದ. ಮೂಗು ಹಿಡಿದುಕೊಂಡ. ಹೀಗೆ ವ್ಯಾನು ಹತ್ತಬೇಡ ಅಂದ. ಕಾರು ತೊಳೆಯುವ ಜಾಗದಲ್ಲಿ ಅವಳನ್ನು ನಿಲ್ಲಿಸಿ ಕಾರು ತೊಳೆಯುವ ಪೈಪು ಬಿಡಿಸಿದ. ಡ್ರೈವರುಗಳು ನಿಂತು ನೋಡಿದರು. ನೀರಿನ ರಭಸಕ್ಕೆ ಚಿಕ್ಕಮ್ಮ ಎರಡು ಸಲ ಮುಗ್ಗರಿಸಿದಳು. ಎರಡು ಸಲವೂ ತಾನೇ ಎದ್ದಳು. ನಾನು ಹತ್ತು ಅಡಿ ದೂರದಲ್ಲಿ ಸುಮ್ಮನೆ ನಿಂತಿದ್ದೆ. ಹದ್ದು ಓಡಿಸುವ ಗಂಟಲು ಅವತ್ತು ಎಲ್ಲಿ ಸತ್ತಿತ್ತೋ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ವಾರ ಅವಳಿಗೆ ಚಳಿಜ್ವರ ಬಂತು, ಉಚ್ಚೆಯಲ್ಲಿ ರಕ್ತ ಬಂತು. ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ದಿನಕ್ಕೆ ಹನ್ನೆರಡು ಲೋಟ ನೀರು ಕುಡಿಯಬೇಕು, ತಡೆದುಕೊಳ್ಳಬಾರದು, ಇನ್ನೊಂದು ಸಲ ಹೀಗಾದರೆ ಕಿಡ್ನಿ ಉಳಿಯುವುದಿಲ್ಲ. ಕೆಲಸ ಬಿಡು ಅಂದೆ. ಬಿಟ್ಟು ಏನು ತಿನ್ನಲಿ, ನಿನ್ನ ತಲೆಯನ್ನಾ ಅಂದಳು. ಚೀಟಿಯನ್ನು ಮ್ಯಾನೇಜರಿಗೆ ತೋರಿಸಿದೆ. ಮೇಲಿನವರು ಕೊಟ್ಟರೆ ನನ್ನದೇನೂ ಅಭ್ಯಂತರವಿಲ್ಲ ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇವನು ದೇವರವರೆಗೆ ಅರ್ಜಿಯನ್ನೇ ಹೋಗಗೊಡದ ಪೂಜಾರಿ. ಚಿಕ್ಕಮ್ಮ ಏಳನೇ ದಿನ ಮತ್ತೆ ಕೆಲಸಕ್ಕೆ ಬಂದಳು. ಬಾಯಿ ಒಣಗಿಸಿಕೊಂಡೇ ಬಂದಳು.

ಹೀಗಿರುವಾಗ ಆ ಸೋಮವಾರ ಬಂತು.

ತುಂಬಾ ದೊಡ್ಡ ಅತಿಥಿ ಬರುತ್ತಾರೆ, ಕಾರ್ಖಾನೆಯ ಒಡೆತನವೇ ಅವರದು ಅಂತ ಶುಕ್ರವಾರದಿಂದಲೇ ಗದ್ದಲ. ರನ್‌ವೇ ಪಕ್ಕದ ಹುಲ್ಲನ್ನೆಲ್ಲ ಭಾನುವಾರ ಬುಡದವರೆಗೆ ಕೊಯ್ಯಿರಿ, ಜಮಖಾನೆಯಂತೆ ಕಾಣಬೇಕು ಅಂತ ಮ್ಯಾನೇಜರ್ ಅಪ್ಪಣೆ ಮಾಡಿದ. ಹಾಗೆ ಮಾಡಬೇಡಿ ಅಂತ ನಾವು ಆರೂ ಜನ ಹೇಳಿದೆವು. ಹುಲ್ಲು ಬುಡಕ್ಕೆ ಕೊಯ್ದರೆ ಮಾರನೇ ದಿನ ಹುಳ ಮೇಲೇಳುತ್ತದೆ, ಹುಳಕ್ಕೆ ಬೆಳ್ಳಕ್ಕಿ ಬರುತ್ತದೆ. ಇದು ಬೇಲಿಯಾಚೆ ಎಮ್ಮೆ ಕಾಯುವವರಿಗೂ ಗೊತ್ತು. ಮ್ಯಾನೇಜರ್ ಓದಿದವನು, ಅವನಿಗೆ ಗೊತ್ತಿರಲಿಲ್ಲ. ನಿಮ್ಮ ಕೈ ಕೆಲಸ ಮಾಡಲಿ, ಬಾಯಿ ಹಕ್ಕಿಗಿರಲಿ ಅಂದ. ಸರಿ, ಕೊಯ್ದೆವು. ಸೊಂಟ ಮುರಿಯುವ ಹಾಗೆ ಕೊಯ್ದೆವು.

ಸೋಮವಾರ ಹತ್ತು ಗಂಟೆಗೆ ಬೆಳ್ಳಕ್ಕಿಗಳು ಬಂದವು. ನೂರಲ್ಲ, ಇನ್ನೂರಲ್ಲ. ಹುಲ್ಲಿನ ಮೇಲೆ, ಡಾಂಬರಿನ ಮೇಲೆ, ಆ ಢಂ ಮಿಷಿನ್ನಿನ ಮೇಲೆ. ಇಡೀ ರನ್‌ವೇಗೆ ಯಾರೋ ಸುಣ್ಣ ಬಳಿದ ಹಾಗಿತ್ತು. ಹನ್ನೊಂದಕ್ಕೆ ವಾಕಿಟಾಕಿಯಲ್ಲಿ ಗೋಪುರದಣ್ಣ, ಅಂದರೆ ಮೇಲೆ ಕೂತು ವಿಮಾನಕ್ಕೆ ದಾರಿ ಹೇಳುವವನು, ವಿಮಾನ ಹತ್ತಿರ ಬಂತು, ಓಡಿಸಿ ಅಂದ.

ನಾನು ಎದೆ ತುಂಬ ಉಸಿರೆಳೆದು ಬಾಯಿ ತೆರೆದೆ. ಕೀಂ ಅಂತ ಒಂದು ಸದ್ದು ಬಂತು. ಬಾಗಿಲ ಸಂದಿಗೆ ಸಿಕ್ಕ ಇಲಿಮರಿಯ ಸದ್ದು. ಮತ್ತೆ ಬಾಯಿ ತೆರೆದೆ. ಈ ಸಲ ಅದೂ ಬರಲಿಲ್ಲ. ಭಾನುವಾರ ಪೂರ್ತಿ ಬಿಸಿಲು, ಹನಿ ನೀರಿಲ್ಲ, ಗಂಟಲಲ್ಲಿ ಹೊಟ್ಟು ತುಂಬಿತ್ತು. ಹತ್ತಿರದಲ್ಲಿದ್ದ ಒಂದು ಬೆಳ್ಳಕ್ಕಿ ಕತ್ತು ಓರೆ ಮಾಡಿ ನನ್ನನ್ನು ನೋಡಿತು. ಅಯ್ಯೋ ಪಾಪ ಅಂದ ಹಾಗಿತ್ತು.

ಓರಗಿತ್ತಿಯರು ಕೂಗಲು ಹೋದರು. ಮೂವರಿಂದಲೂ ಬರೀ ಗಾಳಿ ಬಂತು. ಹಿರಿಯವಳು ಕಿರಿಯವಳನ್ನು ನೋಡಿದಳು, ಕಿರಿಯವಳು ನಡುವಿನವಳನ್ನು ನೋಡಿದಳು, ನಾಲ್ಕು ವರ್ಷದ ಮುನಿಸು ಮರೆತು ಮೂವರೂ ನಗಲು ಶುರು ಮಾಡಿದರು. ಸದ್ದಿಲ್ಲದ ನಗು. ಹೆಗಲು ಕುಣಿಯುತ್ತದೆ, ಬಾಯಲ್ಲಿ ಏನೂ ಇಲ್ಲ. ಅದನ್ನು ನೋಡಿ ತಟ್ಟೆಗೆ ನಗು ಬಂತು, ಬಡಿಯುವ ಕೋಲು ಕೈಯಿಂದ ಜಾರಿತು. ನಗಿಸಬೇಡ್ರೇ, ನನಗೆ ತಡೆಯೋಕಾಗಲ್ಲ, ಇಲ್ಲೇ ಆಗಿಬಿಡತ್ತೆ ಅಂತ ಬೇಡಿಕೊಂಡಳು. ಅದಕ್ಕೆ ಇನ್ನೂ ನಕ್ಕೆವು. ಆರು ಜನ ಹೆಂಗಸರು ತೊಡೆ ಬಿಗಿ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಬೆಳ್ಳಕ್ಕಿಗಳ ನಡುವೆ ಕೂತುಬಿಟ್ಟೆವು.

ಚಿಕ್ಕಮ್ಮ ಕೂಡ ನಗುತ್ತಿದ್ದಳು. ನಗುತ್ತಲೇ ಅವಳ ಮುಖ ಕಿವುಚಿತು. ಕೈ ಸೊಂಟದ ಹಿಂದೆ, ಕಿಡ್ನಿಯ ಮೇಲೆ ಹೋಯಿತು. ನಾನು ಅದನ್ನು ನೋಡಿದೆ. ನನ್ನ ನಗು ನಿಲ್ಲಲಿಲ್ಲ, ಆದರೆ ಅದರ ಕೆಳಗೆ ಒಂದು ಕಲ್ಲು ಬಂದು ಕೂತಿತು. ಆಗಲೇ ನಿರ್ಧಾರವಾಯಿತು. ಗಂಟಲು ಬಂದರೂ ಇವತ್ತು ಕೂಗುವುದಿಲ್ಲ.

ವಿಮಾನ ತಲೆಯ ಮೇಲೆ ಒಂದು ಸುತ್ತು ಹಾಕಿತು. ಮ್ಯಾನೇಜರ್ ಜೀಪಿನಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಬಂದ. ಯಾಕೆ ಕೂತಿದೀರಿ, ಕೂಗ್ರೇ ಅಂದ. ನಾನು ವಾಕಿಟಾಕಿ ಕೆಳಗಿಟ್ಟು ಎದ್ದು ನಿಂತೆ. ಮಾತು ಒಡೆದ ಮಡಕೆಯಂತೆ ಬಂತು, ಬಂದಷ್ಟು ಸಾಕಿತ್ತು.

"ಕೂಗೋಕೆ ಗಂಟಲು ಬೇಕು ಸಾಹೇಬ್ರೇ. ಗಂಟಲಿಗೆ ನೀರು ಬೇಕು. ನೀರು ಕುಡಿದ್ರೆ ಉಚ್ಚೆ ಬರತ್ತೆ. ಅದಕ್ಕೆ ಕೀಲಿ ಬೇಕು. ಕೀಲಿ ನಿಮ್ಮ ಸೊಂಟದಲ್ಲಿದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಮುಖ ಕಪ್ಪಿಟ್ಟಿತು. ನಿಮ್ಮನ್ನೆಲ್ಲ ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಅಂದ. ತೆಗೆಯಿರಿ, ಹಕ್ಕಿಗಳಿಗೂ ನೀವೇ ಹೇಳಿ ಅಂದಳು ತಟ್ಟೆ. ಅವನು ಜೀಪನ್ನು ಹಕ್ಕಿಗಳ ನಡುವೆ ಓಡಿಸಿದ. ಜೀಪಿನ ಮುಂದೆ ಎದ್ದವು, ಹಿಂದೆ ಕೂತವು. ಜೀಪಿನಿಂದ ಇಳಿದು ಕೋಟು ಬಿಚ್ಚಿ ಬೀಸುತ್ತ ಓಡಿದ. ಬೆಳ್ಳಕ್ಕಿಗಳು ಅವನಿಗೆ ಮೂರು ಹೆಜ್ಜೆ ಜಾಗ ಬಿಟ್ಟು ಮತ್ತೆ ಹುಳಕ್ಕೆ ಬಾಗಿದವು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹುಶ್ ಹುಶ್ ಅನ್ನುತ್ತ ಓಡುವ ಮನುಷ್ಯನನ್ನು ಅವು ಜೀವಮಾನದಲ್ಲಿ ಕಂಡಿರಲಿಲ್ಲ. ಕಂಡು ಖುಷಿಪಟ್ಟವು. ಮಿಷಿನ್ನು ಢಂ ಅಂದಿತು. ಬೆಚ್ಚಿ ಹಾರಿದವನು ಮ್ಯಾನೇಜರ್ ಒಬ್ಬನೇ.

ನಾವು ಉಸಿರು ಕಟ್ಟುವ ಹಾಗೆ ನಕ್ಕೆವು.

ಆಗ ವಾಕಿಟಾಕಿಯಲ್ಲಿ ಗೋಪುರದಣ್ಣ ಮಾತಾಡಿದ. ಅವನ ದನಿಯಲ್ಲೂ ನಗು ಅಡಗಿತ್ತು. ವಿಮಾನದ ಒಳಗಿನ ಕಕ್ಕಸು ಕೆಟ್ಟಿದೆಯಂತೆ. ಅತಿಥಿಗಳಿಗೆ ಹೊರಟಾಗಿನಿಂದ ಅರ್ಜೆಂಟಂತೆ. ಪಕ್ಕದ ನಿಲ್ದಾಣ ಮುಕ್ಕಾಲು ಗಂಟೆ ದೂರ, ಅಲ್ಲಿಯವರೆಗೆ ಆಗುವುದೇ ಇಲ್ಲ ಅಂತ ಅತಿಥಿಗಳೇ ಹೇಳಿದರಂತೆ. ಇದನ್ನು ಕೇಳಿ ಕಿರಿಯ ಓರಗಿತ್ತಿ ಅಂಗಾತ ಮಲಗಿಬಿಟ್ಟಳು. ಆಕಾಶದಲ್ಲಿ ಒಬ್ಬರು ತಡೆದುಕೊಂಡು ಸುತ್ತುತ್ತಿದ್ದಾರೆ, ನೆಲದಲ್ಲಿ ಆರು ಜನ ತಡೆದುಕೊಂಡು ಕೂತಿದ್ದೇವೆ. ಮಧ್ಯದಲ್ಲಿ ಒಂದು ಕೀಲಿ.

ಮ್ಯಾನೇಜರ್ ಬೆವರು ಒರೆಸಿಕೊಂಡು ಬಂದ. ವಿಮಾನ ಇಳಿಯಲಿ, ಅತಿಥಿಗಳು ಹೋಗಲಿ, ಆಮೇಲೆ ಕೀಲಿ ಕೊಡುತ್ತೇನೆ, ಮಾತು ಕೊಡುತ್ತೇನೆ ಅಂದ. ನನ್ನನ್ನು ಅಮ್ಮ ಅಂತ ಕರೆದ. ಎಂಟು ವರ್ಷದಲ್ಲಿ ಏಯ್ ಬಿಟ್ಟು ಬೇರೆ ಕರೆದಿರಲಿಲ್ಲ.

"ಕೀಲಿ ಮೊದಲು," ಅಂದೆ. "ಹಕ್ಕಿ ಆಮೇಲೆ."

ವಿಮಾನ ಮೂರನೇ ಸುತ್ತು ಬಂತು. ಕೆಳಗಿಳಿದು ಬಂದು, ಬಿಳಿ ಬಿಳಿ ಹಕ್ಕಿ ಕಂಡು, ಮತ್ತೆ ಮೇಲಕ್ಕೆ ಹೋಯಿತು. ಮ್ಯಾನೇಜರನ ಫೋನು ಬಡಿದುಕೊಂಡಿತು, ಮೇಲಿನವರದು. ಹ್ಞೂಂ ಸರ್, ಹ್ಞೂಂ ಸರ್ ಅಂದ. ಫೋನಿಟ್ಟು ಸೊಂಟಕ್ಕೆ ಕೈ ಹಾಕಿದ. ಗೊಂಚಲಿನಲ್ಲಿ ಆ ಕೀಲಿ ಹುಡುಕಿದ. ಬಿಡಿಸಿ ನನ್ನ ಅಂಗೈಗೆ ಹಾಕಿದ. ಮುಟ್ಟದೆ ಹಾಕಿದ. ಅದು ಅವನ ಮೈಯಿಂದ ಬೆಚ್ಚಗಾಗಿತ್ತು. ಬೆರಳುದ್ದದ ಹಿತ್ತಾಳೆಯ ತುಂಡು. ಇದಕ್ಕಾಗಿ ಚಿಕ್ಕಮ್ಮ ರಕ್ತ ಹೊಯ್ದಿದ್ದಳು.

ಜೀಪಿನ ಹಿಂದೆ ಅತಿಥಿಗಳಿಗಾಗಿ ತಂದ ತಣ್ಣೀರಿನ ಬಾಟಲಿಗಳಿದ್ದವು. ಅವನ್ನು ನಾವು ಕೇಳಲಿಲ್ಲ, ತೆಗೆದುಕೊಂಡೆವು. ಬರೀ ತುಟಿ ಒದ್ದೆ ಮಾಡಿಕೊಳ್ಳಲಿಲ್ಲ, ಗಟಗಟ ಕುಡಿದೆವು. ಚಿಕ್ಕಮ್ಮ ಮೂರು ಬಾಟಲಿ ಕುಡಿದಳು. ನೀರು ಕತ್ತಿನ ಮೇಲೆ ಹರಿದು ಎದೆ ಒದ್ದೆಯಾಯಿತು. ಅಷ್ಟು ಹೊತ್ತು ಒಬ್ಬ ಮನುಷ್ಯ ನೀರು ಕುಡಿಯುವುದನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ನಾನು ಕೂಗಿದೆ. ಪೈಪಿನ ದಿನ ಕೂಗಬೇಕಾಗಿದ್ದ ಕೂಗೂ ಅದರೊಳಗೆ ಸೇರಿತ್ತು. ತಟ್ಟೆ ಬಡಿದಳು, ಓರಗಿತ್ತಿಯರು ಮೂರು ಕಡೆಯಿಂದ ಕಿರುಚಿಕೊಂಡು ಓಡಿದರು, ಚಿಕ್ಕಮ್ಮ ಖಾಲಿ ಬಾಟಲಿ ಬಡಿದಳು. ಬಿಳಿ ರನ್‌ವೇ ಎದ್ದು ಆಕಾಶಕ್ಕೆ ಹೋಯಿತು. ಕೆಳಗೆ ಕಪ್ಪು ಡಾಂಬರು ಉಳಿಯಿತು. ನೋಡಲು ಚಂದವಾಗಿತ್ತು, ಆದರೆ ನೋಡುತ್ತ ನಿಲ್ಲುವ ಸ್ಥಿತಿಯಲ್ಲಿ ನಾವಿರಲಿಲ್ಲ. ಕುಡಿದ ನೀರು ಬುಡಕ್ಕೆ ಇಳಿದಿತ್ತು.

ಚರಂಡಿಗೆ, ಚರಂಡಿಗೆ ಅಂತ ಮ್ಯಾನೇಜರ್ ಕೈ ಬೀಸಿದ. ಯಾರೂ ಮಲಗಲಿಲ್ಲ. ಕಾಲಿಗೆ ಬುದ್ಧಿ ಹೇಳಿದೆವು. ಕಟ್ಟಡ ಅರ್ಧ ಮೈಲಿ ದೂರ. ರನ್‌ವೇ ಅಂಚಿನ ಕೊಯ್ದ ಹುಲ್ಲಿನ ಮೇಲೆ ಆರು ಹಳದಿ ಕೋಟುಗಳು ಓಡಿದವು. ಹಿಂದಿನಿಂದ ವಿಮಾನ ಇಳಿಯಿತು, ಗಾಳಿ ಎಬ್ಬಿಸಿಕೊಂಡು ನಮ್ಮನ್ನು ದಾಟಿತು. ದುಂಡು ಕಿಟಕಿಯಲ್ಲಿ ಮುಖಗಳು ಕಂಡವು. ಅವರೂ ನಮ್ಮನ್ನು ಕಂಡರು. ತಟ್ಟೆ ಅವರಿಗೆ ತಟ್ಟೆ ಬೀಸಿದಳು. ವಿಮಾನ ತುದಿಗೆ ಹೋಗಿ ತಿರುಗಿ ಬರಬೇಕು, ನಾವು ನೇರ ಓಡಬೇಕು. ಇಬ್ಬರ ಗುರಿಯೂ ಒಂದೇ ಕಟ್ಟಡ. ಚಿಕ್ಕಮ್ಮ ಎಲ್ಲರಿಗಿಂತ ಮುಂದಿದ್ದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಕೈಯಲ್ಲಿ ಬಟ್ಟೆ ಎತ್ತಿ ಹಿಡಿದು, ಬಾಯಿ ಅಗಲ ಮಾಡಿ ನಗುತ್ತ ಓಡಿದಳು.

ನಾವೇ ಗೆದ್ದೆವು. ಬೀಗ ತೆಗೆದೆ. ಚಿಕ್ಕಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾವು ಐದು ಜನ ತಣ್ಣನೆಯ ಗೋಡೆಗೆ ಒರಗಿ ಸಾಲಾಗಿ ನಿಂತೆವು. ಕಾಲಿನ ಮಣ್ಣು ಬಿಳಿ ನೆಲದ ಮೇಲೆ ಉದ್ದಕ್ಕೂ ಮೂಡಿತ್ತು. ಒಳಗಿನಿಂದ ಸದ್ದು ಬಂತು. ಬರುತ್ತಲೇ ಇತ್ತು. ಮುಗಿಯಿತು ಅನ್ನುವಾಗ ಮತ್ತೆ ಬಂತು. ಆಮೇಲೆ ಚಿಕ್ಕಮ್ಮ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ನನಗೆ ಅಳು ಬಂತು.

ಅಷ್ಟರಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿಯ ಟಕಟಕ ಸದ್ದು. ಅತಿಥಿ ಅಂದರೆ ಕೋಟು ಹಾಕಿದ ಗಂಡಸು ಅಂತಲೇ ನಾವು ಅಂದುಕೊಂಡಿದ್ದೆವು. ಬಂದವರು ಒಬ್ಬ ಹೆಂಗಸು. ಚಿಕ್ಕಮ್ಮನ ವಯಸ್ಸೇ ಇರಬೇಕು, ಹತ್ತು ವರ್ಷ ಕಿರಿಯವರಾಗಿ ಕಾಣುತ್ತಿದ್ದರು. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರಿತ್ತು. ಹಿಂದೆ ಮ್ಯಾನೇಜರ್. ಸರಿಯಿರಿ, ಆಚೆ ಹೋಗಿ, ಬಾಗಿಲು ಬಿಡಿ ಅಂದ. ನಾವು ಕದಲಲಿಲ್ಲ. ಅವರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ನನ್ನ ಹತ್ತಿರ ಬಂದು ಮೆತ್ತಗೆ ಮಾತಾಡಿದರು.

"ನಾವೆಲ್ಲ ಹೆಂಗಸರೇ ಅಲ್ವಾ. ಸ್ವಲ್ಪ ಅರ್ಥ ಮಾಡ್ಕೊಳ್ಳಿ."

"ಹೌದು ಅಮ್ಮಾವ್ರೇ," ಅಂದೆ. "ಹೆಂಗಸರ ಸಾಲೇ ಇದು. ತಟ್ಟೆ ಹಿಂದೆ ನಿಂತ್ಕೊಳ್ಳಿ."

ಅವರು ಮ್ಯಾನೇಜರನ್ನು ನೋಡಿದರು. ಮುಚ್ಚಿದ ಬಾಗಿಲನ್ನು ನೋಡಿದರು. ನಮ್ಮ ಐದು ಮುಖಗಳನ್ನು ಒಂದೊಂದಾಗಿ ನೋಡಿದರು. ಬೇರೆ ದಾರಿ ಇರಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತರು. ನಿಂತು ಒಂದು ಕಾಲಿಗೆ ಇನ್ನೊಂದು ಕಾಲು ಹೆಣೆದರು. ತಟ್ಟೆ ಅದನ್ನು ಕಂಡು ತಲೆಯಾಡಿಸಿ, ಹಾಗೆ ಕಾಲು ಹೆಣೆಯಬೇಡಿ, ಇನ್ನೂ ಜಾಸ್ತಿಯಾಗುತ್ತದೆ ಅಂದಳು. ಬೆನ್ನು ಗೋಡೆಗೆ ಕೊಡಿ, ಹಲ್ಲು ಕಚ್ಚಬೇಡಿ, ಬೇರೇನನ್ನೂ ಯೋಚಿಸದೆ ಒಂದು, ಎರಡು ಅಂತ ಎಣಿಸುತ್ತ ಹೋಗಿ ಅಂದಳು. ಹೊಸಬರಿಗೆ ಹೇಳಿಕೊಡುವ ಹಾಗೆ, ಕೋಪವಿಲ್ಲದೆ ಹೇಳಿದಳು.

ಎಷ್ಟರವರೆಗೆ ಅಂತ ಅವರು ಕೇಳಿದರು.

"ಸಾವಿರದವರೆಗೆ ಕಷ್ಟ," ಅಂದಳು ತಟ್ಟೆ. "ಆಮೇಲೆ ಮರಗಟ್ಟತ್ತೆ. ನಾವು ದಿನಾ ಮೂವತ್ತು ಸಾವಿರ ಎಣಿಸ್ತೀವಿ."

ಅಮ್ಮಾವ್ರು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಒಂದರಿಂದ ಎಣಿಸಲು ಶುರು ಮಾಡಿದರು.